ಇವತ್ತ ಕ್ಲೋರಿನ್ ಸರಿ ಇಲ್ಲ

ನನಗೆ ಈಸು ಬರುವುದಿಲ್ಲ.

ನೋಡ್ರಿ, ಹೇಳಿಬಿಟ್ಟೆ. ಇಷ್ಟು ಸಣ್ಣ ಮಾತನ್ನು ಇಷ್ಟು ವರ್ಷ ಎಲೆ-ಅಡಿಕೆಯಂತೆ ಈ ದವಡೆಯಿಂದ ಆ ದವಡೆಗೆ ಹೊರಳಿಸುತ್ತ ಬಂದವನು ನಾನು. ಉಗುಳಲೂ ಇಲ್ಲ, ನುಂಗಲೂ ಇಲ್ಲ. ನಮ್ಮ ರೋಣದ ಕಡೆ ಗಂಡಸಿಗೆ 'ನಿನಗ ಈಸಾಕ ಬರ್ತೈತೇನು?' ಎಂದು ಯಾರೂ ಕೇಳುವುದಿಲ್ಲ. 'ನಿನಗ ಉಣ್ಣಾಕ ಬರ್ತೈತೇನು?' ಎಂದು ಕೇಳಿದ ಹಾಗೆ ಅದು. ಗಂಡುಹುಡುಗ ಅಂದಮೇಲೆ ಮೀಸೆ ಮೂಡುವುದರೊಳಗೆ ಯಾರೋ ಕಾಕಾನ ಕೈಯಿಂದ ಬಾವಿಗೆ ನೂಕಿಸಿಕೊಂಡು, ಒಂದಿಷ್ಟು ನೀರು ಕುಡಿದು, ಕೆಮ್ಮಿ, ಅತ್ತು, ಮೇಲೆ ಬಂದಿರುತ್ತಾನೆ ಎಂದು ಎಲ್ಲರೂ ತಿಳಿದಿರುತ್ತಾರೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೇಳದೆ ಇರಲು ಇನ್ನೊಂದು ಕಾರಣವೂ ಇತ್ತು. ಈಸು ಬರದಿದ್ದರೂ ಈಸುವವರ ನಕಲು ನನಗೆ ಅಗದಿ ಚೆನ್ನಾಗಿ ಬರುತ್ತದೆ. ರೋಣದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುವುದು ನನ್ನ ಹೊಟ್ಟೆಪಾಡು. ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರುಗಳ ನಡುವೆ ಯಾರ ಮನೆಯ ಕಾರ್ಯವಿದ್ದರೂ ಹೋಗಿ, ಅವರ ಮನೆಯವರದೇ ನಕಲು ಮಾಡಿ, ಅವರ ಮನೆಯಲ್ಲೇ ಉಂಡು ಬರುವುದು ನನ್ನ ಚಟ. ಬೆಂಚಿನ ಮೇಲೆ ಹೊಟ್ಟೆ ಹಚ್ಚಿ ಮಲಗಿ, ಕೈಕಾಲು ಬಡಿದು, ಕಪ್ಪೆಯಂತೆ ಈಸುವವರು, ಎಮ್ಮೆಯಂತೆ ಮೂಗು ಮಾತ್ರ ಮೇಲಿಟ್ಟು ಈಸುವವರು, ಜನಿವಾರ ಕೈಯಲ್ಲಿ ಹಿಡಿದುಕೊಂಡೇ ಈಸುವವರು, ಎಲ್ಲರನ್ನೂ ತೋರಿಸುತ್ತೇನೆ. ನೆಲದ ಮೇಲೆ ನಾನು ಈಸದ ಶೈಲಿ ಇಲ್ಲ. ನೋಡಿದವರು, 'ಏನ್ ಈಸ್ತಾನಲೇ ಇಂವಾ!' ಎಂದುಕೊಂಡು ಹೋದರು. ತಪ್ಪು ತಿಳಿವಳಿಕೆಯನ್ನು ತಿದ್ದುವುದು ಮಾಸ್ತರನ ಕೆಲಸ ಹೌದು. ಆದರೆ ಅದು ಶಾಲೆಯ ವೇಳೆಯಲ್ಲಿ ಮಾತ್ರ.

ಈ ನಾಚಿಕೆಯನ್ನು ನಾನು ಇನ್ನೂ ಐವತ್ತು ವರ್ಷ ಹೀಗೇ ಹೊತ್ತುಕೊಂಡು ಆರಾಮಾಗಿ ಸಾಯಬಹುದಿತ್ತು, ನರಗುಂದದ ನಮ್ಮ ಮಾಮಾನ ಸೊಂಟ ಹಿಡಿಯದೆ ಹೋಗಿದ್ದರೆ.

ಮಾಮಾ ಅಂದರೆ ನನ್ನ ಅವ್ವನ ತಮ್ಮ. ಅಡತಿ ವ್ಯಾಪಾರಿ. ಹತ್ತಿ, ಕಡಲೆ, ಗೋವಿನಜೋಳ ಕೊಂಡು ಮಾರುವವರು. ಗಾದಿಯ ಮೇಲೆ ಕೂತು ಕೂತು ಸೊಂಟ ಹಿಡಿದುಕೊಂಡಾಗ ಹುಬ್ಬಳ್ಳಿಯ ಡಾಕ್ಟರು, 'ದಿನಾ ಸ್ವಲ್ಪ ಹೊತ್ತು ನೀರಾಗ ಅಡ್ಡಾಡ್ರಿ' ಅಂದರಂತೆ. ನರಗುಂದದಲ್ಲಿ ಮನುಷ್ಯ ನೀರಿನಲ್ಲಿ ಎಲ್ಲಿ ಅಡ್ಡಾಡಬೇಕು? ನಳದಲ್ಲಿ ಬಂದ ನೀರು ಕೊಡ ತುಂಬುವುದೇ ದೊಡ್ಡದು. ಮಾಮಾ ವಿಚಾರ ಮಾಡಿದರು. ಮಾಮಾ ವಿಚಾರ ಮಾಡಿದರೆಂದರೆ ಏನೋ ಒಂದು ಕಟ್ಟಿಸುತ್ತಾರೆ ಎಂದೇ ಅರ್ಥ. ಹಿತ್ತಲಿನ ಪೇರಲ ಗಿಡದ ಪಕ್ಕದಲ್ಲಿ, ಎದೆಮಟ್ಟದ ಆಳದ ಒಂದು ಈಜುಕೊಳ ತಯಾರಾಯಿತು.

ತಯಾರಾದ ಮೇಲೆ ಮನೆಮಂದಿಗೆಲ್ಲ ನಾಚಿಕೆ ಶುರುವಾಯಿತು. ನಳ ಬಿಡುವ ದಿನ ಓಣಿಯ ಕೊಡಗಳೆಲ್ಲ ಸಾಲು ಹಿಡಿದು ನಿಲ್ಲುವ ಊರು ಇದು. ಇಂಥಲ್ಲಿ 'ನಮ್ಮನ್ಯಾಗ ಸ್ವಿಮ್ಮಿಂಗ್ ಪೂಲ್ ಐತಿ' ಎಂದು ಯಾವ ಬಾಯಿಂದ ಹೇಳುವುದು? ನಮ್ಮ ಅತ್ತಿ, ಅಂದರೆ ಮಾಮಾನ ಹೆಂಡತಿ, ಮೊದಲ ದಿನವೇ ಅದಕ್ಕೆ ಬೇರೆ ಹೆಸರಿಟ್ಟಳು. ಬಾಜೂ ಮನೆಯ ಹೆಣ್ಣುಮಕ್ಕಳು ಕೇಳಿದರೆ, 'ಟಾಕಿ ಕಟ್ಟಿಸೇವ್ರಿ, ಸ್ವಲ್ಪ ದೊಡ್ಡದು' ಅನ್ನುತ್ತಿದ್ದಳು. ನೀಲಿ ಟೈಲ್ಸ್ ಹಾಕಿದ, ಸ್ಟೀಲಿನ ಏಣಿ ಇರುವ, ಒಳಗೆ ದೀಪ ಹತ್ತುವ ಟಾಕಿ. ಇಂದಿಗೂ ನಮ್ಮ ಮನೆಗಳಲ್ಲಿ ಅದು ಟಾಕಿಯೇ. ಪೂಲ್ ಎಂದು ಬರೆಯುವಾಗ ನನ್ನ ಕೈಯೂ ಅಂಜುತ್ತದೆ.

ಟಾಕಿ ಮಾಡಿಕೊಟ್ಟ ಕಂಪನಿಯವನು ಉಪ್ಪು ನೀರಿನ ಪೂಲ್ ಒಳ್ಳೆಯದೆಂದು ಹೇಳಿದ್ದ. ಅವನ ನಕಲೂ ನನಗೆ ಬರುತ್ತದೆ: ಕುತ್ತಿಗೆಗೆ ಟೈ, ಕೈಯಲ್ಲಿ ಟ್ಯಾಬು, ಪ್ರತಿ ಮಾತಿನ ಕೊನೆಗೂ 'ಸರ್'. 'ಇದರಾಗ ನೀವು ಕ್ಲೋರಿನ್ ತಂದು ಹಾಕೂದ ಬ್ಯಾಡ ಸರ್, ಉಪ್ಪಿನಿಂದ ಯಂತ್ರನ ಕ್ಲೋರಿನ್ ತಯಾರು ಮಾಡ್ತದ ಸರ್.' ಮಾಮಾನ ಕಿವಿ ವ್ಯಾಪಾರದ ಕಿವಿ. 'ಹಾಕೂದ ಬ್ಯಾಡ' ಎಂಬುವವರೆಗೆ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡಿತು. ಆಮೇಲೆ ಉಪ್ಪಿನ ಚೀಲಗಳ ಮಾತು ಬಂದಾಗ ಮಾಮಾ ನಕ್ಕುಬಿಟ್ಟರು.

'ಉಪ್ಪ ಯಾಕ ತರಬೇಕ್ರಿ? ನಮ್ಮ ಬೋರಿನ ನೀರ ಮೊದಲ ಸವಳೈತಿ. ದೇವರ ಉಪ್ಪ ಹಾಕಿ ಕಳಿಸ್ಯಾನ.'

ಸವಳು ನೀರಿನ ಪರಿಚಯ ಇಲ್ಲದವರಿಗೆ ಹೇಳಬೇಕು. ನಮ್ಮ ಕಪ್ಪು ಮಣ್ಣಿನ ಕೆಳಗೆ ಬೋರು ಹೊಡೆದರೆ ಬರುವ ನೀರು ಅದು. ಅದರಲ್ಲಿ ಬೇಳೆ ಕುದಿಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ತಲೆ ತೊಳೆದರೆ ಕೂದಲು ಕಸಬರಿಗೆಯಾಗುತ್ತದೆ. ಬಕೆಟ್ಟಿನ ಒಳಗೆ, ನಳದ ಮೂತಿಗೆ, ನೀರು ಕಾಯಿಸುವ ಕರೆಂಟಿನ ಕಾಯಿಲ್‌ಗೆ ಬಿಳಿ ಪಕಳಿ ಕಟ್ಟುತ್ತದೆ. ಆ ನೀರನ್ನೇ ಟಾಕಿಗೆ ತುಂಬಿದರು. ಇಡೀ ನರಗುಂದದಲ್ಲಿ ಇದು ಯಾರಿಗೂ ತಪ್ಪೆನಿಸಲಿಲ್ಲ. ಉಪ್ಪು ನೀರು ಬೇಕು ಅಂದರು, ಉಪ್ಪು ನೀರು ಹಾಕಿದರು. ನನಗೂ ಅನಿಸಲಿಲ್ಲ, ಬಿ.ಎಸ್ಸಿಯಲ್ಲಿ ರಸಾಯನಶಾಸ್ತ್ರ ಓದಿದ ನಾನು ದಂಡೆಯ ಮೇಲೆ ನಿಂತು, 'ಮಾಮಾನ ತಲಿ ಅಂದ್ರ ತಲಿ' ಎಂದು ಹೊಗಳಿ ಹೋಳಿಗೆ ತಿಂದು ಬಂದಿದ್ದೆ.

ಕೆಲವೇ ದಿನಗಳಲ್ಲಿ ಟಾಕಿ ಹಸಿರಾಯಿತು. ಹಸಿರೆಂದರೆ ಎಂಥ ಹಸಿರು! ಎಮ್ಮೆ ಕಂಡಿದ್ದರೆ ಇಳಿದೇ ಬಿಡುತ್ತಿತ್ತು. ಕಂಪನಿಯವನು ಬಂದು ಯಂತ್ರ ಬಿಚ್ಚಿದ. ಒಳಗಿನ ತಗಡುಗಳಿಗೆಲ್ಲ ನಮ್ಮ ಕಾಯಿಲ್‌ಗೆ ಕಟ್ಟುವ ಅದೇ ಬಿಳಿ ಪಕಳಿ. 'ಇದರಾಗ ಏನ್ ಹಾಕಿದ್ರಿ ಸರ್?' 'ಉಪ್ಪಿನ ನೀರ.' 'ಯಾವ ಉಪ್ಪು ಸರ್?' 'ಸವಳು.' 'ಅಯ್ಯೋ!' ಅವನು ಕೊನೆಗೆ 'ಸರ್' ಹೇಳುವುದನ್ನು ಮರೆತದ್ದು ಅದೊಂದೇ ಸಲ.

ಈಗ ಸ್ವಲ್ಪ ಮಾಸ್ತರಕಿ ಮಾಡುತ್ತೇನೆ, ಸಹಿಸಿಕೊಳ್ಳಿ. ಅಡಿಗೆಯ ಉಪ್ಪು ಅಂದರೆ ಸೋಡಿಯಂ ಮತ್ತು ಕ್ಲೋರಿನ್ ಎಂಬ ಎರಡರ ಸಂಸಾರ. ಯಂತ್ರದ ತಗಡುಗಳ ನಡುವೆ ನೀರು ಹಾಯುವಾಗ ಕರೆಂಟು ಆ ಸಂಸಾರವನ್ನು ಒಡೆಯುತ್ತದೆ. ಬಿಡುಗಡೆಯಾದ ಕ್ಲೋರಿನ್ ಟಾಕಿಯ ತುಂಬ ಓಡಾಡಿ, ಪಾಚಿಯನ್ನೂ ರೋಗದ ಹುಳುಗಳನ್ನೂ ಕೊಂದು, ದಣಿದು, ಮತ್ತೆ ಉಪ್ಪಾಗಿ ಮನೆಗೆ ಮರಳುತ್ತದೆ. ಅದಕ್ಕೆ ಬೇಕಾದ ಉಪ್ಪೂ ಹೆಚ್ಚೇನಲ್ಲ, ಸಮುದ್ರದ ಉಪ್ಪಿನ ಹತ್ತರಲ್ಲಿ ಒಂದು ಪಾಲು, ಕಣ್ಣೀರಿಗಿಂತ ಸಪ್ಪೆ. ಹಾಗಾದರೆ ಉಪ್ಪು ನೀರಿನ ಪೂಲಿನಲ್ಲಿ ಕ್ಲೋರಿನ್ ಇಲ್ಲವೆಂದು ತಿಳಿಯುವುದು ಅಡಿಗೆಮನೆ ಇದ್ದಮೇಲೆ ಒಲೆ ಯಾಕೆ ಎಂದು ಕೇಳಿದ ಹಾಗೆ. ಸವಳಿನಲ್ಲಾದರೋ ಉಪ್ಪಿನ ಜೊತೆ ಸುಣ್ಣದ ಅಂಶವೂ ಸೇರಿಕೊಂಡಿರುತ್ತದೆ. ಅದು ತಗಡಿಗೆ ಅಂಟಿ ಕೂತರೆ ಕ್ಲೋರಿನ್ ಹುಟ್ಟುವುದೇ ಇಲ್ಲ. ನಾವು 'ಸವಳು' ಎಂಬ ಒಂದೇ ಶಬ್ದದ ಗಂಟಿನಲ್ಲಿ ಉಪ್ಪು, ಸುಣ್ಣ, ನೆಲದ ಸಿಟ್ಟು, ಎಲ್ಲ ಕಟ್ಟಿ ಇಟ್ಟುಬಿಟ್ಟಿದ್ದೇವೆ. ಯಂತ್ರಕ್ಕೆ ನಮ್ಮ ಕನ್ನಡ ಬರುವುದಿಲ್ಲ.

ತಗಡುಗಳನ್ನು ತೆಳು ಆಸಿಡ್ಡಿನಲ್ಲಿ ಅದ್ದಿ ತೊಳೆದರು. ಹಸಿರು ನೀರು ಹೊರಗೆ ಹೋಯಿತು. ಮಳೆಗಾಲದಲ್ಲಿ ಮಾಳಿಗೆಯ ಮೇಲೆ ಬಿದ್ದ ನೀರನ್ನೇ ಹಿಡಿದು ಟಾಕಿ ತುಂಬಿದರು. ಇದರಿಂದ ಓಣಿಯ ಮುಂದಿನ ನಾಚಿಕೆಯೂ ಅರ್ಧ ತೊಳೆದುಹೋಯಿತು. 'ಮಳಿ ನೀರ್ರಿ, ಯಾರ ಪಾಲಿಂದೂ ಅಲ್ಲ' ಎಂದು ಅತ್ತಿ ತಾನಾಗಿಯೇ ಹೇಳತೊಡಗಿದಳು. ಆಮೇಲೆ ಮಾಮಾ, ಹಲ್ಲು ಕಚ್ಚಿಕೊಂಡು, ಚೀಲದ ಉಪ್ಪು ತರಿಸಿ ಸುರಿಸಿದರು. ಸುರಿಸಿದವರು ನನ್ನ ಕಡೆ ತಿರುಗಿದರು.

'ಮಾಂತ್ಯಾ, ನೀ ಕೆಮಿಸ್ಟ್ರಿ ಓದೀಯಲ್ಲ? ಐತವಾರಕ್ಕೊಮ್ಮೆ ಬಂದು ನೀರ ನೋಡಿ ಹೋಗು. ಮತ್ತ ಹೊಗಳಿ ಹೋಳಿಗಿ ತಿಂದು ಹೋಗೂದಲ್ಲ.'

ಹೀಗೆ ನಾನು ಕ್ಲೋರಿನ್ನಿನ ಅಧಿಕಾರಿಯಾದೆ. ಐತವಾರ ಮುಂಜಾನೆ ರೋಣದಲ್ಲಿ ಬಸ್ಸು ಹತ್ತಿ, ಬೆಳವಣಕಿ, ಯಾವಗಲ್ಲು ದಾಟುವವರೆಗೆ ಕಂಡಕ್ಟರನ ದನಿಯಲ್ಲಿ ಅವನಿಗಿಂತ ಮೊದಲೇ ಊರಿನ ಹೆಸರು ಕೂಗಿ ಬೈಸಿಕೊಂಡು ನರಗುಂದ ಮುಟ್ಟುತ್ತಿದ್ದೆ. ಕೆಲಸ ಸರಳ. ನೀರಿನಲ್ಲಿ ಒಂದು ಕಾಗದದ ಪಟ್ಟಿ ಅದ್ದಬೇಕು, ಅದರ ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣಗಳಿಗೆ ಹೋಲಿಸಬೇಕು. ಹತ್ತು ಲಕ್ಷ ಪಾಲು ನೀರಿನಲ್ಲಿ ಕ್ಲೋರಿನ್ ಒಂದು ಪಾಲಿಗಿಂತ ಕಡಿಮೆ ಇರಬಾರದು, ಮೂರರ ಮೇಲೆ ಹೋಗಬಾರದು; ಈ ಅಳತೆಗೆ ಪಿಪಿಎಂ ಎನ್ನುತ್ತಾರೆ. ನಮ್ಮ ಬಿಸಿಲು ಕ್ಲೋರಿನ್ನನ್ನು ಹುರಿಗಡಲೆಯಂತೆ ತಿನ್ನುವುದರಿಂದ, ಅದಕ್ಕೊಂದು ಛತ್ರಿ ಹಿಡಿದ ಹಾಗೆ ಬೇರೊಂದು ಪುಡಿಯನ್ನೂ ಬೆರೆಸಿರುತ್ತಾರೆ. ಆ ಪುಡಿ ಇದ್ದ ನೀರಿನಲ್ಲಿ ಎರಡಾದರೂ ಇರಬೇಕು. ಕಡಿಮೆಯಾದರೆ ಕಿವಿ ಸೋರುವುದು, ಹೊಟ್ಟೆ ಕೆಡುವುದು, ಮೈ ತುರಿಸುವುದು. ಹೆಚ್ಚಾದರೆ ಕಣ್ಣು ಕೆಂಪು, ಚರ್ಮ ಉರಿ, ಗಂಟಲಲ್ಲಿ ಕೆಮ್ಮು.

ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ ನಾನು, 'ಫ್ರೀ ಕ್ಲೋರಿನ್ ಎರಡು ಇರಬೇಕ್ರಿ' ಅಂದ ದಿನ ಮಾಮಾನ ಮುಖ ಅರಳಿತು.

'ಫ್ರೀ? ಫುಕಟ್ ಕೊಡ್ತಾರಂತೇನು?'

'ಫುಕಟ್ ಅಲ್ರಿ ಮಾಮಾ. ಖಾಲಿ ಇರೂದು. ಕೈಯಾಗ ಕೆಲಸ ಇಲ್ಲದ್ದು.'

'ಅಂದ್ರ ನಿನ್ನಂಗ.'

ಹೋಲಿಕೆ ಅವಮಾನದ್ದಾದರೂ ಶಾಸ್ತ್ರಶುದ್ಧವಾಗಿತ್ತು. ಫ್ರೀ ಕ್ಲೋರಿನ್ ಅಂದರೆ ಲಗ್ನವಾಗದ ಹುಡುಗ. ಯಾರ ಮನೆಯ ಕೆಲಸಕ್ಕೆ ಕರೆದರೂ ಓಡಿ ಬರುತ್ತದೆ. ಅದೇ ಕ್ಲೋರಿನ್ ಮಂದಿಯ ಬೆವರಿಗೋ ಮತ್ತೊಂದಕ್ಕೋ ಗಂಟುಬಿದ್ದರೆ ಲಗ್ನವಾದ ಹಾಗೆ. ಇದ್ದಲ್ಲೇ ಇರುತ್ತದೆ, ಕೆಲಸಕ್ಕೆ ಬರುವುದಿಲ್ಲ, ಮೇಲೆ ವಾಸನೆ ಬೇರೆ. ಈಜುಕೊಳದ ಹತ್ತಿರ ಮೂಗಿಗೆ ಹೊಡೆಯುವ ಘಾಟು ಇರುತ್ತದಲ್ಲ, 'ಕ್ಲೋರಿನ್ ಭಾಳ ಹಾಕ್ಯಾರ' ಎಂದು ಮೂಗು ಮುಚ್ಚಿಕೊಳ್ಳುತ್ತೇವಲ್ಲ, ಅದು ಹೆಚ್ಚಾಗಿ ಈ ಗಂಟುಬಿದ್ದ ಕ್ಲೋರಿನ್ನಿನ ವಾಸನೆ. ಘಾಟು ಜೋರಾದಷ್ಟೂ ಕೆಲಸದ ಕ್ಲೋರಿನ್ ಸಾಲದು ಎಂದು ಅರ್ಥ. ಅಂದರೆ ಯಾರೋ ಜಳಕ ಮಾಡದೆ ಇಳಿದಿದ್ದಾರೆ. ಇಲ್ಲವೇ ಇಳಿದ ಮೇಲೆ ಮಾಡಬಾರದ್ದು ಮಾಡಿದ್ದಾರೆ. ಇದನ್ನು ಊಟದ ಹೊತ್ತಿನಲ್ಲಿ ನಾನು ವಿವರಿಸಿದಾಗ ಅತ್ತಿ ಮಾಮಾನ ಕಡೆ ನೋಡಿದಳು. ಮಾಮಾ ಉಪ್ಪಿನಕಾಯಿಯ ಕಡೆ ನೋಡಿದರು. ಮರುವಾರದಿಂದ ಟಾಕಿಗೆ ಇಳಿಯುವ ಮುಂಚೆ ಬಚ್ಚಲಿಗೆ ಹೋಗಿಬರುವುದು ಮನೆಯ ಕಾಯಿದೆಯಾಯಿತು. ಘಾಟು ಹೋಯಿತು. ಯಾರು ಎಂದು ಯಾರೂ ಕೇಳಲಿಲ್ಲ.

ಮಾಮಾ ಸೊಂಟ ಸ್ವಲ್ಪ ಸಡಿಲಾಗುತ್ತಲೇ ನೀರಿನಲ್ಲಿ ಅಡ್ಡಾಡುವುದನ್ನು ಬಿಟ್ಟು ಗಾದಿಗೆ ಮರಳಿದರು. ಟಾಕಿಯ ಮೇಲೆ ಕಣ್ಣು ಬಿದ್ದದ್ದು ಅತ್ತಿಗೆ.

ಅತ್ತಿಯ ತವರು ಹೊಳೆಮಣ್ಣೂರು. ಮಲಪ್ರಭೆಯ ದಂಡೆ. ಹೊಳೆ ಬಂದರೆ ಮನೆಯ ಹೊಸ್ತಿಲ ತನಕ ಬಂದು ಮಾತಾಡಿಸಿ ಹೋಗುವ ಊರು. ಆದರೂ ಅತ್ತಿಗೆ ಈಸು ಬರದು. ಗಂಡುಹುಡುಗರು ಹೊಳೆಗೆ ಹಾರುವಾಗ ಇವಳು ದಂಡೆಯಲ್ಲಿ ಅರಿವೆ ಒಗೆಯುತ್ತಿದ್ದಳು. ಮಹಾಪೂರ ಬಂದಾಗೆಲ್ಲ ಯಾರದೋ ಹೆಗಲು, ಯಾರದೋ ದೋಣಿ. ಒಮ್ಮೆ ತನ್ನನ್ನು ಹೊತ್ತೊಯ್ದವನು ದಾರಿಯುದ್ದಕ್ಕೂ, 'ಏನ್ ತೂಕ ಅದೀಯವಾ!' ಎಂದು ಗೊಣಗಿದ್ದನ್ನು ಅವಳು ಇನ್ನೂ ಮರೆತಿಲ್ಲ.

'ಮಾಂತ್ಯಾ, ನಾ ತೇಲೂದು ಕಲೀಬೇಕೋ' ಅಂದಳು ಒಂದು ಐತವಾರ. 'ತವರಿಗೆ ಹೋದಾಗ ಹೊಳಿ ಬಂದ್ರ ಯಾರ ಹೆಗಲ ಮ್ಯಾಲೂ ಕೂಡಬಾರದು. ನೀ ಹ್ಯಾಂಗೂ ಈಸ್ತಿ. ಬಾಜೂಕ ನಿಂತು ಕಲಿಸು. ಒಬ್ಬಾಕಿನ ಇಳ್ಯಾಕ ನನಗ ಎದಿ ಇಲ್ಲ.'

ನನ್ನ ಬೆಂಚಿನ ಮೇಲಿನ ಈಸು ನೋಡಿ ನಂಬಿದವಳು ಅವಳು. ಆ ಕ್ಷಣಕ್ಕೆ ಕೈಯಲ್ಲಿ ಪಟ್ಟಿ ಇತ್ತು. ಪುಣ್ಯಕ್ಕೆ ಕ್ಲೋರಿನ್ ಅಂದು ಖರೇನೇ ಕಡಿಮೆ ಇತ್ತು. 'ಅತ್ತೀ, ಇವತ್ತ ಕ್ಲೋರಿನ್ ಸರಿ ಇಲ್ಲ' ಅಂದೆ. ಎಂಥ ಮಾತು ಅದು! ನಾಲಗೆಯ ಮೇಲೆ ಬೆಣ್ಣೆಯಂತೆ ಜಾರಿತು. ಅತ್ತಿ, 'ಹೌದೇನು? ಹಂಗಾರ ಬರೂ ವಾರ ಆತು' ಎಂದು ಗಿರಮಿಟ್ಟು ಮಾಡಲು ಒಳಗೆ ಹೋದಳು. ನಾನು ಟಾಕಿಯ ದಂಡೆಗೆ ಕೂತು, ತಂಪು ನೀರಿನಲ್ಲಿ ಕಾಲು ಇಳಿಬಿಟ್ಟು, ಗಿರಮಿಟ್ಟು ತಿಂದೆ.

ಮುಂದಿನ ವಾರ ಕ್ಲೋರಿನ್ ಹೆಚ್ಚಾಗಿತ್ತು, ಅಂದರೆ ನಾನು ಹಾಗೆಂದೆ. ಅದರ ಮುಂದಿನ ವಾರ ಬಿಸಿಲು ತಿಂದಿತ್ತು. ಮತ್ತೊಮ್ಮೆ ಕ್ಲೋರಿನ್ ಸರಿ ಇತ್ತು, ಆದರೆ ನೀರಿನ ಹುಳಿ-ಖಾರ ಕೆಟ್ಟಿತ್ತು, ಅದಕ್ಕೆ ಪಿ.ಎಚ್ ಎನ್ನುತ್ತಾರೆ, ಏಳೂವರೆಯ ಆಸುಪಾಸು ಇರಬೇಕು, ಏರಿದರೆ ಕ್ಲೋರಿನ್ನಿಗೆ ಸೋಮಾರಿತನ ಬರುತ್ತದೆ ಎಂದು ದೀರ್ಘವಾಗಿ ವಿವರಿಸಿದೆ. ಹೇಡಿಗೆ ವಿಜ್ಞಾನದಷ್ಟು ಒಳ್ಳೆಯ ಗೆಳೆಯ ಮತ್ತೊಬ್ಬನಿಲ್ಲ. ದೆವ್ವದ ನೆವ ಹೇಳಿದರೆ ನಗುತ್ತಾರೆ, ಜ್ವರದ ನೆವ ಹೇಳಿದರೆ ಕಷಾಯ ಕುಡಿಸುತ್ತಾರೆ, ಪಿಪಿಎಂ ಅಂದರೆ ಎಲ್ಲರೂ ತಲೆ ಅಲ್ಲಾಡಿಸುತ್ತಾರೆ. ಪ್ರತಿ ವಾರ ನೆವ ಮುಗಿದ ಮೇಲೆ ನಾನು ದಂಡೆಯಲ್ಲಿ ಕಾಲು ಇಳಿಬಿಟ್ಟು ಕೂತು, ಮಾಮಾ ಸೊಂಟ ಹಿಡಿದು ನೀರಿನಲ್ಲಿ ಅಡ್ಡಾಡುವ ನಕಲು ಮಾಡುತ್ತಿದ್ದೆ, ಗಿರಮಿಟ್ಟು ತಿನ್ನುತ್ತಿದ್ದೆ. ಅತ್ತಿ ನಗುತ್ತಿದ್ದಳು. ನಕ್ಕು, ಯಾರೂ ಇಳಿಯದ ಟಾಕಿಯ ಕಡೆ ಒಮ್ಮೆ ನೋಡಿ ಒಳಗೆ ಹೋಗುತ್ತಿದ್ದಳು. ಆ ನೋಟ ನನಗೆ ಬಸ್ಸಿನಲ್ಲಿ ಯಾವಗಲ್ಲು ಬರುವವರೆಗೂ ಚುಚ್ಚುತ್ತಿತ್ತು. ಆಮೇಲೆ ನಿದ್ದೆ ಬರುತ್ತಿತ್ತು. ನಾಚಿಕೆಗೆ ನಿದ್ದೆ ತಡೆಯುವ ಶಕ್ತಿ ಇದೆ ಎಂದು ಹೇಳುವವರು ನಮ್ಮ ಕಡೆಯ ಬಸ್ಸು ಹತ್ತಿದವರಲ್ಲ.

ನನಗೆ ಯಾಕೆ ಈಸು ಬರಲಿಲ್ಲ ಎಂದು ಕೇಳುತ್ತೀರಾ? ಬೆಳವಣಕಿಯಲ್ಲಿ ನಮ್ಮ ದೊಡ್ಡಪ್ಪನ ಹೊಲದ ಬಾವಿ. ಸಣ್ಣವನಿದ್ದಾಗ ನನ್ನ ಬೆನ್ನಿಗೂ ಎಣ್ಣೆಯ ಖಾಲಿ ಡಬ್ಬಿ ಕಟ್ಟಿದ್ದರು. ನಮ್ಮಲ್ಲಿ ಈಸು ಕಲಿಯುವವರಿಗೆ ಕಟ್ಟುವುದು ಅದನ್ನೇ, ತೇಲಿಸುತ್ತದೆ. ಮೆಟ್ಟಿಲ ಮೇಲೆ ಸಾಲಾಗಿ ಹುಡುಗರು. ಒಬ್ಬೊಬ್ಬರನ್ನೇ ನೂಕುತ್ತ ದೊಡ್ಡಪ್ಪ, 'ಬೀಳಲೇ, ಬಿದ್ರ ಸಾಯೂದಿಲ್ಲ' ಎಂದು ಮೂಗಿನಲ್ಲಿ ಗದರುತ್ತಿದ್ದರು. ನನ್ನ ಪಾಳಿ ಬಂದಾಗ ಕೆಳಗಿನ ಕಪ್ಪು ನೀರು ನೋಡಿ ಒಂದು ಮೆಟ್ಟಿಲು ಹಿಂದೆ ಸರಿದೆ. ಏನು ಮಾಡಬೇಕೋ ತಿಳಿಯದೆ ದೊಡ್ಡಪ್ಪನ ದನಿಯಲ್ಲೇ, ಮೂಗಿನಲ್ಲೇ, 'ಬೀಳಲೇ, ಬಿದ್ರ ಸಾಯೂದಿಲ್ಲ' ಎಂದೆ. ಹುಡುಗರೆಲ್ಲ ನಕ್ಕರು. ದೊಡ್ಡಪ್ಪನೂ ಬಿದ್ದು ಬಿದ್ದು ನಕ್ಕರು. ನಗುವಿನ ಗದ್ದಲದಲ್ಲಿ ನನ್ನ ಪಾಳಿ ದಾಟಿಹೋಯಿತು. ಅಂದು ನಾನು ಕಲಿತದ್ದು ನಗಿಸಿ ಪಾರಾಗುವುದನ್ನು. ಅದು ಎಷ್ಟು ಚಲೋ ಬಂತೆಂದರೆ ಈಸು ಕಲಿಯುವ ಗರಜೇ ಬೀಳಲಿಲ್ಲ.

ಬಿದ್ದದ್ದು ಮೊನ್ನೆ ದಸರೆಯ ರಜೆಯಲ್ಲಿ.

ಅಂದು ಆಕಾಶ ತೊಳೆದ ತಾಟಿನಂತಿತ್ತು. ಟಾಕಿಯ ತಳದ ಟೈಲ್ಸಿನ ಗೆರೆಗಳು ಎಣಿಸುವಷ್ಟು ಸ್ಪಷ್ಟ. ಪಟ್ಟಿ ಅದ್ದಿದೆ. ಎರಡು. ಇನ್ನೊಂದು ಪಟ್ಟಿ ಅದ್ದಿದೆ. ಅದೂ ಎರಡು. ಪಿ.ಎಚ್ ನೋಡಿದರೆ ಏಳೂವರೆ. ಪುಸ್ತಕದಿಂದ ಎದ್ದು ಬಂದ ನೀರು. ನನ್ನ ಬೆನ್ನ ಹಿಂದೆ ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು ಮಾಮಾ ನಿಂತಿದ್ದರು.

'ಎಷ್ಟೈತಿ?'

'ಎರಡ್ರಿ.'

'ಎರಡಂದ್ರ ಚಲೋ ಅಲ್ಲೇನೋ?'

'ಚಲೋರಿ. ಅಗದೀ ಚಲೋ.'

'ಮತ್ತ ಯಾರದೋ ಮಣ್ಣಿಗೆ ಬಂದವರಂಗ ಯಾಕ ಹೇಳ್ತಿ?'

ಅಷ್ಟರಲ್ಲಿ ಅತ್ತಿ ಬಂದಳು. ಹಳೆಯ ಚೂಡಿದಾರು, ಬಿಗಿಯಾಗಿ ಕಟ್ಟಿದ ತುರುಬು, ಬೆನ್ನಿಗೆ ಧೋತರದ ಪಟ್ಟಿಯಿಂದ ಬಿಗಿದ ಎಣ್ಣೆಯ ಖಾಲಿ ಡಬ್ಬಿ. ನನ್ನ ಕಡೆ ನೋಡಲೇ ಇಲ್ಲ. ಏಣಿ ಹಿಡಿದು, 'ಶಿವನ, ಶಿವನ' ಎನ್ನುತ್ತ ಒಂದೊಂದೇ ಮೆಟ್ಟಿಲು ಇಳಿದಳು. ನೀರು ಎದೆಗೆ ಬಂತು. ಗೋಡೆ ಹಿಡಿದುಕೊಂಡು ನಿಂತಳು. ಏಣಿಯ ಕಡೆ ತಿರುಗಲಿಲ್ಲ. ನಿಂತಳು.

'ಬಾರೋ ಮಾಂತ್ಯಾ.'

ನಾನು ಆಕಾಶ ನೋಡಿದೆ, ಮೋಡ ಇಲ್ಲ. ಪೇರಲ ಗಿಡ ನೋಡಿದೆ; ಗಾಳಿ ಇಲ್ಲ. ಪಟ್ಟಿಯನ್ನು ಮತ್ತೊಮ್ಮೆ ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡೆ. ಬಾಯಿ ತೆರೆಯುವುದರೊಳಗೆ ಟಾಕಿಯಿಂದ ನನ್ನದೇ ದನಿ ಬಂತು.

ಅತ್ತಿ ಒಂದು ಕೈಯಿಂದ ಗೋಡೆ ಹಿಡಿದು, ಇನ್ನೊಂದು ಕೈಯಲ್ಲಿ ಇಲ್ಲದ ಪಟ್ಟಿಯನ್ನು ಬಿಸಿಲಿಗೆ ಎತ್ತಿದ್ದಳು. ಒಂದು ಕಣ್ಣು ಮುಚ್ಚಿದ್ದಳು. ಮಾಸ್ತರಕಿಯ ಒಂದು ಕೆಮ್ಮು. ಆಮೇಲೆ, ದೇಶದ ಭಾರವೆಲ್ಲ ತಲೆಯ ಮೇಲೆ ಬಿದ್ದವನ ಹಾಗೆ ಒಂದು ಉಸಿರು ಬಿಟ್ಟು: 'ಅತ್ತೀ... ಇವತ್ತ ಕ್ಲೋರಿನ್ ಸರಿ ಇಲ್ಲ.'

ಏನು ನಕಲು ಅದು! ನಾನು 'ಅತ್ತೀ' ಎಂದು ಎಳೆಯುವಾಗ ತಲೆ ಎಡಕ್ಕೆ ವಾಲುತ್ತದೆಂದು ನನಗೇ ಗೊತ್ತಿರಲಿಲ್ಲ. ಮಾಮಾ ನಕ್ಕು ನಕ್ಕು ಪೇರಲ ಗಿಡ ಹಿಡಿದುಕೊಂಡು, 'ಏ, ಸಾಕ ಮಾಡು, ನನ್ನ ಸೊಂಟ, ನನ್ನ ಸೊಂಟ!' ಎಂದು ಕೆಳಗೆ ಕೂತರು. ಕಂಡಕ್ಟರನಿಗೆ, ಟೈ ಕಟ್ಟಿದವನಿಗೆ, ಮಾಮಾನಿಗೆ, ಇಷ್ಟು ಮಂದಿಗೆ ನಾನು ಕೊಟ್ಟದ್ದು ಇದೇ ಎಂದು ಅಂದು ತಿಳಿಯಿತು. ಮಂದಿ ನಕ್ಕಿದ್ದನ್ನು ನಾನು ಯಾವಾಗಲೂ ಎದುರಿನಿಂದ ನೋಡಿದವನು. ನಡುವೆ ನಿಂತು ನೋಡಿದ್ದು ಮೊದಲ ಸಲ.

ನಗು ಇಳಿದ ಮೇಲೆ ಅತ್ತಿ ಮೆತ್ತಗೆ ಕೇಳಿದಳು: 'ನಿನಗ ಈಸಾಕ ಬರೂದಿಲ್ಲ, ಹೌದಲ್ಲೋ?'

ನನ್ನ ಹತ್ತಿರ ಮೂರು ತಾಲೂಕಿನ ದನಿಗಳಿವೆ. ಒಂದೂ ನೆರವಿಗೆ ಬರಲಿಲ್ಲ. ಕೊನೆಗೆ ಬಂದದ್ದು ನನ್ನ ದನಿ. ಬಹಳ ದಿನ ಬಳಸದೆ ಅದಕ್ಕೂ ಪಕಳಿ ಕಟ್ಟಿತ್ತು.

'ಇಲ್ಲತ್ತಿ. ಬರೂದಿಲ್ಲ.' ಪಟ್ಟಿಯನ್ನು ದಂಡೆಯ ಮೇಲಿಟ್ಟು, 'ನಿನಗ ಯಾವಾಗ ಗೊತ್ತಾತು?' ಎಂದೆ.

'ಎರಡನೇ ವಾರಾನ ಗೊತ್ತಾತು. ನೀರ ಕೆಟ್ಟೈತಿ ಅಂತಿದ್ದಿ, ಅದ ನೀರಾಗ ಕಾಲ ಇಳಿಬಿಟ್ಟ ಗಿರಮಿಟ್ಟ ತಿಂತಿದ್ದಿ.'

'ಮತ್ತ ಯಾಕ ಸುಮ್ಮನಿದ್ದಿ?'

ಅತ್ತಿ ನೀರಿನ ಮೇಲೆ ಅಂಗೈ ಆಡಿಸಿದಳು. 'ನನಗೂ ಅಂಜಿಕಿ ಇತ್ತಲ್ಲೋ ಹುಚ್ಚಪ್ಪಾ. ನೀ ಬ್ಯಾಡ ಅಂದಾಗೊಮ್ಮೆ ನನ್ನ ಎದಿ ಹಗೂರ ಆಗತಿತ್ತು. ಮಾಮಾ ಕೇಳಿದ್ರ, ಮಾಂತ್ಯಾ ಬ್ಯಾಡ ಅಂದಾನ ಅಂತ ಹೇಳ್ತಿದ್ದೆ.'

ಹಾಗೆ ಇಷ್ಟು ವಾರ ಒಂದೇ ಕಾಗದದ ಪಟ್ಟಿಯ ಹಿಂದೆ ನಾವಿಬ್ಬರೂ ಅಡಗಿ ನಿಂತಿದ್ದೆವು. ಸಿಕ್ಕಿಬಿದ್ದ ನಾಚಿಕೆ ಒಂದು ಗಳಿಗೆಯದು, ಅದನ್ನು ನಗುವಿನಲ್ಲಿ ತೊಳೆದುಕೊಳ್ಳಬಹುದಿತ್ತು. ತೊಳೆಯಲಾಗದ್ದು ಇನ್ನೊಂದು: ಅಂಜಿಕೆ ಇಬ್ಬರಿಗೂ ಇತ್ತು, ಇಂದು ಎದೆಮಟ್ಟದ ನೀರಿನಲ್ಲಿ ನಿಂತವಳು ಅವಳು, ದಂಡೆಯ ಮೇಲೆ ಒಣ ಕಾಲಿನಲ್ಲಿ ನಿಂತವನು ನಾನು.

ಅತ್ತಿ ಬೆನ್ನ ಹಿಂದೆ ಕೈ ಹಾಕಿ ಧೋತರದ ಗಂಟು ಬಿಚ್ಚಿದಳು. ಡಬ್ಬಿಯನ್ನು ದಂಡೆಯ ಮೇಲಿಟ್ಟಳು.

'ಮೊದಲ ನೀ ಕಟ್ಟಿಕೋ. ನಾ ಗ್ವಾಡಿ ಹಿಡಕೊಂಡ ನಿಂದರತೀನಿ. ಹೋಗು, ಕಾಯಿದೆ ಪ್ರಕಾರ ಬಚ್ಚಲಕ್ಕ ಹೋಗಿ ಬಾ.'

ಹೋಗಿ ಬಂದೆ. ಮೀಸೆ ಬಂದ ಮಾಸ್ತರ, ಬೆನ್ನಿಗೆ ಶೇಂಗಾ ಎಣ್ಣೆಯ ಡಬ್ಬಿ. ಮಾಮಾ ಗಂಟು ಹಾಕುತ್ತ, 'ಬೀಳಲೇ, ಬಿದ್ರ ಸಾಯೂದಿಲ್ಲ' ಎಂದರು. ಅದು ನಮ್ಮ ದೊಡ್ಡಪ್ಪನ ಮಾತು. ಮದುವೆಮನೆಗಳಲ್ಲಿ ನನ್ನ ಬಾಯಿಂದಲೇ ಮಾಮಾ ಕಲಿತದ್ದು. ಈ ಸಲ ನನಗೆ ಯಾರ ನಕಲೂ ಹೊಳೆಯಲಿಲ್ಲ. ನಗುವಿನ ಗದ್ದಲ ಮುಗಿದುಹೋಗಿತ್ತು, ಪಾಳಿ ಮಾತ್ರ ಉಳಿದಿತ್ತು.

ಇಳಿದೆ. ನೀರು ತಂಪಾಗಿತ್ತು. ಕಾಲು ನೆಲ ಬಿಟ್ಟಿತು, ಡಬ್ಬಿ ಬೆನ್ನನ್ನು ಮೇಲಕ್ಕೆ ಎಳೆಯಿತು, ಮುಖ ನೀರಿಗೆ ಹೋಯಿತು. ಒಂದು ಗುಟುಕು ಕುಡಿದೆ. ಕಣ್ಣೀರಿಗಿಂತ ಸಪ್ಪೆ, ಪುಸ್ತಕ ಸುಳ್ಳು ಹೇಳಿಲ್ಲ. ನಾನು ಬಡಿದ ಕೈಕಾಲಿಗೆ ಯಾವ ಶೈಲಿಯ ಹೆಸರೂ ಇರಲಿಲ್ಲ. ಟಾಕಿಯ ಆ ದಂಡೆಯ ಕಂಬಿ ಕೈಗೆ ಸಿಕ್ಕಾಗ ತಿರುಗಿ ನೋಡಿದರೆ ಅತ್ತಿ ಗೋಡೆಯಲ್ಲಿ ಇರಲಿಲ್ಲ.

ಅತ್ತಿ ಟಾಕಿಯ ನಡುವೆ, ಅಂಗಾತ, ಡಬ್ಬಿ ಇಲ್ಲದೆ, ಕೈ ಅಗಲ ಮಾಡಿ ಮಲಗಿದ್ದಳು. ಕಣ್ಣು ಆಕಾಶದಲ್ಲಿ. ಮಾಮಾ ಗಾಬರಿಯಾಗಿ ಅವಳ ಹೆಸರು ಹಿಡಿದೇ ಕೂಗಿದರು. ಅವಳ ಕಿವಿ ನೀರಿನೊಳಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಕಾಲು ಊರಿ ಎದ್ದು, ಮುಖ ಒರೆಸಿಕೊಂಡು, 'ಒಳಗ ಏನೂ ಕೇಳಸೂದಿಲ್ಲೋ ಮಾಂತ್ಯಾ' ಎಂದಳು. 'ನಿಮ್ಮ ಮಾಮಾನ ದನೀನೂ ಕೇಳಸೂದಿಲ್ಲ. ಭಾಳ ಚಲೋ ಐತಿ.' ತೂಕದ ಮಾತನ್ನು ಅವಳು ಎತ್ತಲಿಲ್ಲ. ನೀರು ಅವಳನ್ನು ಗೊಣಗದೆ ಹೊತ್ತಿತ್ತು.

ಸಂಜೆ ಬಸ್ಸಿಗೆ ಹೊರಡುವ ಮುಂಚೆ ರೂಢಿಯಂತೆ ಪಟ್ಟಿ ಅದ್ದಿದೆ. ಕ್ಲೋರಿನ್ ಒಂದಕ್ಕೆ ಇಳಿದಿತ್ತು. ಯಂತ್ರ ಜೋರು ಮಾಡಿ, ಮತ್ತೆ ಎರಡಾಗುವವರೆಗೆ ಯಾರೂ ಇಳಿಯಬೇಡಿರೆಂದು ಹೇಳಿದೆ. ಈ ಸಲ ಖರೇನೇ ಹೇಳಿದೆ. ಹೀಗಾಗುವುದು ಸಹಜ. ಮನುಷ್ಯರು ಇಳಿದರೆ ಕ್ಲೋರಿನ್ ಖರ್ಚಾಗುತ್ತದೆ, ಬಿಸಿಲೂ ತಿನ್ನುತ್ತದೆ. ಯಾರೂ ಇಳಿಯದ ನೀರಿನಲ್ಲಿ ಅಂಕಿ ಚಂದ ಇರುತ್ತದೆ, ಬರೇ ಅಂಕಿ. ಇದನ್ನೆಲ್ಲ ಮಾಮಾನಿಗೆ ಹೇಳಿದೆ. ಅವರು ಚಾಳೀಸಿನ ಮೇಲಿಂದ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದರು.

'ಮುಂಜಾನಿ ಎರಡಿತ್ತು. ಅಂಜಿದ ಮನಿಶಾ ನೀರಾಗ ಇಳಿದ್ರ...'

'ಮಾಮಾ, ಬರೇ ಬೆವರ್ರಿ. ಬರೇ ಬೆವರು.'

ಅತ್ತಿ ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಓಡಿದಳು. ಘಾಟಿನ ಮಾತು ಬಂದಾಗ ಮಾಮಾ ಉಪ್ಪಿನಕಾಯಿಯ ಕಡೆ ನೋಡಿದ್ದು ನನಗೆ ನೆನಪಿತ್ತು, ಆದರೆ ಆಗ ಅದನ್ನು ಎತ್ತುವ ಧೈರ್ಯ ಬರಲಿಲ್ಲ.

ನೀವೂ ಹಾಗೆ ನೋಡಬೇಡಿ. ಈಸು ಬರುವುದಿಲ್ಲವೆಂದು ಮೊದಲ ಸಾಲಿನಲ್ಲೇ ಒಪ್ಪಿಕೊಂಡಿದ್ದೇನೆ. ಒಂದು ಪ್ರಬಂಧಕ್ಕೆ ಒಂದು ನಾಚಿಕೆ ಸಾಕು.